ಐಷಾರಾಮಿ ಕಾರಿನ ಬ್ಯಾಟರಿ: ಬದಲಿಸಬೇಕೇ, ಬೇಡವೇ ಎಂದು ಅಳೆದು ತೀರ್ಮಾನಿಸುವ ಬಗೆ

ಐಷಾರಾಮಿ ಕಾರುಗಳ ಬ್ಯಾಟರಿ ವಿಷಯದಲ್ಲಿ ದಂಡ ತೆರುವವರು ಎರಡು ಬಗೆ. ಡ್ಯಾಶ್‌ಬೋರ್ಡ್ ಮೇಲೆ ಎಚ್ಚರಿಕೆ ಮೂಡಿದ ಕೂಡಲೇ ಹೊಸ ಬ್ಯಾಟರಿ ಹಾಕಿಸಿ, ಕೆಲವೇ ತಿಂಗಳಲ್ಲಿ ಅದೇ ಎಚ್ಚರಿಕೆಯನ್ನು ಮತ್ತೆ ನೋಡುವವರು ಒಂದು ಕಡೆ. ಏರ್ ಸಸ್ಪೆನ್ಷನ್, ಗೇರ್ ಸೆಲೆಕ್ಟರ್, ಕ್ಯಾಮೆರಾ, ಸೀಟು ಎಂದು ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು ಸಾಲುಗಟ್ಟಿ ಬಂದಾಗ ಕಂಟ್ರೋಲ್ ಯೂನಿಟ್‌ಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗಿ, ಕೊನೆಯಲ್ಲಿ ಬ್ಯಾಟರಿಯ ಹತ್ತಿರ ಬರುವವರು ಇನ್ನೊಂದು ಕಡೆ. ಇಬ್ಬರೂ ಮಾಡದೆ ಬಿಟ್ಟ ಕೆಲಸ ಒಂದೇ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಅಳೆಯಲಿಲ್ಲ.

ಅರ್ಧ ಚಾರ್ಜ್ ಇರುವ ಬ್ಯಾಟರಿಯ ಮೇಲೆ ಕೊಟ್ಟ ತೀರ್ಪು ತೀರ್ಪೇ ಅಲ್ಲ. ಬ್ಯಾಟರಿ ತಾನಾಗಿ ಕೆಟ್ಟಿದೆಯೇ, ಅಥವಾ ಕಾರಿನಲ್ಲಿರುವ ಇನ್ನಾವುದೋ ದೋಷ ಅದನ್ನು ತುಂಬಲು ಬಿಡುತ್ತಿಲ್ಲವೇ ಎಂಬುದನ್ನು ಬಿಡಿಸಿ ನೋಡದ ಹೊರತು ಹೊಸ ಬ್ಯಾಟರಿಯ ಮಾತು ಎತ್ತಬಾರದು. ಇದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಒಳ್ಳೆಯ ಮಲ್ಟಿಮೀಟರ್, ಡಿಸಿ ಕರೆಂಟನ್ನು ಮಿಲಿಆಂಪಿಯರ್ ಮಟ್ಟದಲ್ಲಿ ಅಳೆಯುವ ಕ್ಲಾಂಪ್ ಮೀಟರ್, ಎಜಿಎಂ ಬ್ಯಾಟರಿಗೆ (ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ, ಮುಚ್ಚಿದ ಬಗೆಯ ಬ್ಯಾಟರಿ) ಹೊಂದುವ ಚಾರ್ಜರ್, ಮತ್ತು ತಾಳ್ಮೆ.

ಮೊದಲು, ಯಾವ ಬ್ಯಾಟರಿ?

ಸಾಮಾನ್ಯ ಕಾರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಇಲ್ಲಿ ಏಳುತ್ತದೆ. 2003ರಲ್ಲಿ ಬಂದ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಮತ್ತು ಅದರ ಬಂಧುವಾದ ಫೋಕ್ಸ್‌ವ್ಯಾಗನ್ ಫೀಟನ್ ಎರಡರಲ್ಲೂ ಡಿಕ್ಕಿಯೊಳಗೆ ಎರಡು ಬ್ಯಾಟರಿಗಳಿವೆ. ಒಂದು ಸ್ಟಾರ್ಟರ್ ಮೋಟಾರಿಗೆ, ಇನ್ನೊಂದು ಉಳಿದ ಎಲ್ಲ ವಿದ್ಯುತ್ ವ್ಯವಸ್ಥೆಗೆ. ಮರ್ಸಿಡಿಸ್‌ನ ಆರ್230 ಎಸ್‌ಎಲ್‌ನಲ್ಲಿ ಸ್ಟಾರ್ಟರ್ ಬ್ಯಾಟರಿ ಬಾನೆಟ್ ಕೆಳಗಿದ್ದರೆ ದೊಡ್ಡದು ಡಿಕ್ಕಿಯಲ್ಲಿದೆ. ಸ್ಟಾರ್ಟ್-ಸ್ಟಾಪ್ (ಕಾರು ನಿಂತಾಗ ಎಂಜಿನ್ ತಾನಾಗಿ ಆಫ್ ಆಗಿ ಮತ್ತೆ ಚಾಲೂ ಆಗುವ ವ್ಯವಸ್ಥೆ) ಇರುವ ಹಲವು ಕಾರುಗಳಲ್ಲಿ ಸಣ್ಣದೊಂದು ಸಹಾಯಕ ಬ್ಯಾಟರಿ ಇರುತ್ತದೆ. ಎಂಜಿನ್ ಮತ್ತೆ ಚಾಲೂ ಆಗುವ ಕ್ಷಣದಲ್ಲಿ ಉಳಿದ ಉಪಕರಣಗಳ ವೋಲ್ಟೇಜ್ ಕುಸಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. 2017ರ ಆಡಿ ಎ8ನಂಥವುಗಳಲ್ಲಿ 12 ವೋಲ್ಟ್ ಬ್ಯಾಟರಿಯ ಜೊತೆಗೆ 48 ವೋಲ್ಟ್‌ನ ಲಿಥಿಯಂ ಬ್ಯಾಟರಿಯೂ ಇದೆ.

ಆದ್ದರಿಂದ "ಬ್ಯಾಟರಿ ದೋಷ" ಎಂಬ ಸಂದೇಶ ಬಂದರೆ ಅದರ ಪೂರ್ತಿ ಒಕ್ಕಣೆಯನ್ನು ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಸಹಾಯಕ ಬ್ಯಾಟರಿಯ ದೋಷ ಎಂದಿದ್ದರೆ ದೊಡ್ಡ ಬ್ಯಾಟರಿಯನ್ನು ಬದಲಿಸಿ ಪ್ರಯೋಜನವಿಲ್ಲ. "ಕೀ ಬ್ಯಾಟರಿ ಕಡಿಮೆ" ಎಂದಿದ್ದರೆ ಅದು ಕೀಯೊಳಗಿನ 3 ವೋಲ್ಟ್‌ನ ನಾಣ್ಯದಾಕಾರದ ಸೆಲ್, ಹಲವು ಕೀಗಳಲ್ಲಿ ಸಿಆರ್2032. ಕಾರು ಬಾಗಿಲು ತೆರೆಯಲಿಲ್ಲ, ಬ್ಯಾಟರಿ ಡೆಡ್ ಆಗಿದೆ ಎಂದು ಟೋಯಿಂಗ್ ವಾಹನ ಕರೆಸಿದ ಮೇಲೆ ಕೀಯ ಸೆಲ್ ಬದಲಿಸಿ ಕಳುಹಿಸಿದ ಪ್ರಸಂಗಗಳು ವರ್ಕ್‌ಶಾಪ್‌ಗಳಲ್ಲಿ ಅಪರೂಪವೇನಲ್ಲ. 48 ವೋಲ್ಟ್ ಬ್ಯಾಟರಿಯಾಗಲಿ, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳ ಹೈ ವೋಲ್ಟೇಜ್ ಬ್ಯಾಟರಿಯಾಗಲಿ ಮನೆಯಲ್ಲಿ ಕೈಹಾಕುವ ವಸ್ತುಗಳಲ್ಲ. ಅವುಗಳ ತೀರ್ಮಾನ ತಯಾರಕರ ಡಯಾಗ್ನೋಸ್ಟಿಕ್ ಉಪಕರಣದಿಂದಲೇ ಆಗಬೇಕು. ಇಲ್ಲಿಂದ ಮುಂದಿನದೆಲ್ಲ 12 ವೋಲ್ಟ್ ಬ್ಯಾಟರಿಯ ಬಗ್ಗೆ.

ಎರಡು ಬ್ಯಾಟರಿಗಳ ಕಾರಿನಲ್ಲಿ ಲಕ್ಷಣವೇ ಅರ್ಧ ದಾರಿ ತೋರಿಸುತ್ತದೆ. ಪರದೆ, ಲೈಟು, ಬಾಗಿಲು ಎಲ್ಲ ಸರಿಯಿದ್ದು ಸೆಲ್ಫ್ ಮಾತ್ರ ಎಳೆದಾಡಿದರೆ ಸ್ಟಾರ್ಟರ್ ಬ್ಯಾಟರಿಯ ಕಡೆ ನೋಡಿ. ಎಂಜಿನ್ ಚುರುಕಾಗಿ ಚಾಲೂ ಆಗಿ, ಆದರೆ ರಾತ್ರಿ ಕಳೆಯುವಷ್ಟರಲ್ಲಿ ಗಡಿಯಾರ ತಪ್ಪುತ್ತಿದ್ದರೆ, ಸೀಟಿನ ಮೆಮೊರಿ ಮರೆತುಹೋಗುತ್ತಿದ್ದರೆ, ವಿಚಿತ್ರ ಸಂದೇಶಗಳು ಬರುತ್ತಿದ್ದರೆ ಇನ್ನೊಂದರ ಕಡೆ ನೋಡಿ. ಒಂದು ತೊಡಕಿದೆ: ಕೆಲವು ಕಾರುಗಳಲ್ಲಿ ಸ್ಟಾರ್ಟರ್ ಬ್ಯಾಟರಿ ಸೋತಾಗ ಕಂಟ್ರೋಲ್ ಯೂನಿಟ್ ಎರಡನ್ನೂ ತಾತ್ಕಾಲಿಕವಾಗಿ ಜೋಡಿಸಿ ಎಂಜಿನ್ ಎಬ್ಬಿಸುತ್ತದೆ. ಹಾಗಾಗಿ ಸೋತ ಬ್ಯಾಟರಿ ಬಹಳ ದಿನ ಗುಟ್ಟಾಗಿ ಉಳಿಯಬಹುದು. ಎರಡನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು.

ಕಾರು ಮೊದಲೇ ಹೇಳುತ್ತದೆ

ಈ ದರ್ಜೆಯ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಕೂತಿರುತ್ತದೆ. ವೋಲ್ಟೇಜ್, ಒಳಹೋಗುವ-ಹೊರಬರುವ ಕರೆಂಟ್, ತಾಪಮಾನ ಮೂರನ್ನೂ ಅದು ಲೆಕ್ಕ ಇಡುತ್ತದೆ. ಚಾರ್ಜ್ ಇಳಿಯುತ್ತಿದೆ ಎಂದು ಕಂಡಾಗ ಕಾರು ಸೌಕರ್ಯಗಳನ್ನು ಒಂದೊಂದಾಗಿ ಕಡಿತ ಮಾಡುತ್ತದೆ. ಸ್ಟಾರ್ಟ್-ಸ್ಟಾಪ್ ಕೆಲಸ ನಿಲ್ಲಿಸುವುದು ಸಾಮಾನ್ಯವಾಗಿ ಮೊದಲ ಸುಳಿವು. ಆಮೇಲೆ ಸೀಟಿನ ಹೀಟರ್, ಎಂಜಿನ್ ಆಫ್ ಮಾಡಿದ ತಕ್ಷಣ ನಿಂತುಹೋಗುವ ಮ್ಯೂಸಿಕ್ ಸಿಸ್ಟಂ. ಇದನ್ನು ಆ ಉಪಕರಣಗಳ ದೋಷ ಎಂದು ಭಾವಿಸಿ ಬಿಚ್ಚತೊಡಗಿದರೆ ಕೆಟ್ಟಿರದ ವಸ್ತುವನ್ನು ರಿಪೇರಿ ಮಾಡಿದಂತಾಗುತ್ತದೆ.

ಸ್ಕ್ಯಾನರ್ ಹಾಕಿದಾಗ ಹತ್ತಾರು ಕಂಟ್ರೋಲ್ ಯೂನಿಟ್‌ಗಳಲ್ಲಿ ಒಂದೇ ಸಮಯಕ್ಕೆ "ವೋಲ್ಟೇಜ್ ಕಡಿಮೆ" ಅಥವಾ "ಸಂಪರ್ಕ ಕಡಿದಿದೆ" ಎಂಬ ಕೋಡ್ ದಾಖಲಾಗಿದ್ದರೆ ಅವನ್ನು ಒಂದೊಂದಾಗಿ ಬೆನ್ನಟ್ಟಬೇಡಿ. ಎಲ್ಲವನ್ನೂ ಬರೆದಿಟ್ಟುಕೊಂಡು, ಅಳಿಸಿ, ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಮತ್ತೆ ಬರುವ ಕೋಡ್‌ಗಳಿಗೆ ಮಾತ್ರ ತಲೆಕೆಡಿಸಿಕೊಳ್ಳಿ. ಹೆಚ್ಚಿನವು ಮತ್ತೆ ಬರುವುದಿಲ್ಲ.

ಪೂರ್ತಿ ತುಂಬಿಸಿ, ವಿಶ್ರಾಂತಿ ಕೊಟ್ಟು, ಅಳೆಯಿರಿ

ಚಾರ್ಜರಿನ ಪಾಸಿಟಿವ್ ಕ್ಲಿಪ್ಪನ್ನು ಬ್ಯಾಟರಿಗೋ, ಬಾನೆಟ್ ಕೆಳಗೆ ಕೊಟ್ಟಿರುವ ಪಾಸಿಟಿವ್ ಬಿಂದುವಿಗೋ ಹಾಕಿ. ನೆಗೆಟಿವ್ ಕ್ಲಿಪ್ಪನ್ನು ಮಾತ್ರ ಬ್ಯಾಟರಿಯ ಟರ್ಮಿನಲ್‌ಗೆ ಹಾಕದೆ ಕಾರಿನ ಅರ್ಥ್ ಬಿಂದುವಿಗೆ ಹಾಕಿ. ಬ್ಯಾಟರಿಯ ಮೇಲೇ ಹಾಕಿದರೆ ಕರೆಂಟ್ ಸೆನ್ಸರನ್ನು ದಾಟದೆ ಒಳಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಕಾರಿನ ಲೆಕ್ಕದಲ್ಲಿ ಅದು ಖಾಲಿಯೇ. "ರಾತ್ರಿಯಿಡೀ ಚಾರ್ಜ್ ಮಾಡಿದೆ, ಎಚ್ಚರಿಕೆ ಹೋಗಲೇ ಇಲ್ಲ" ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಚಾರ್ಜರಿನಲ್ಲಿ ಎಜಿಎಂ ಆಯ್ಕೆ ಇದ್ದರೆ ಅದನ್ನೇ ಬಳಸಿ, ವೋಲ್ಟೇಜ್ 14.8 ದಾಟದಿರಲಿ. ಹಳೆಯ ಕಾಲದ, ತಾನಾಗಿ ನಿಲ್ಲದ ಚಾರ್ಜರನ್ನು ಎಜಿಎಂ ಬ್ಯಾಟರಿಗೆ ಹಾಕಿದರೆ ಒಳಗಿನ ತೇವಾಂಶ ಅನಿಲವಾಗಿ ಹೊರಬಿದ್ದು ಹೋಗುತ್ತದೆ, ಅದನ್ನು ಮತ್ತೆ ತುಂಬಿಸುವ ದಾರಿಯಿಲ್ಲ.

ಚಾರ್ಜ್ ಮುಗಿದ ಮೇಲೆ ಕಾರಿಗೆ ಬೀಗ ಹಾಕಿ, ಕೀಯನ್ನು ದೂರವಿಟ್ಟು, ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ಬಿಡಿ. ಚಾರ್ಜರ್ ತೆಗೆದ ತಕ್ಷಣ ಕಾಣುವ 13 ವೋಲ್ಟ್ ಚಿಲ್ಲರೆ ಮೇಲ್ಮೈಯ ಚಾರ್ಜ್, ಅದನ್ನು ನಂಬಬೇಡಿ. ಇನ್ನೊಂದು ಮೋಸ: ಮೀಟರ್ ಹಿಡಿಯಲು ಬಾಗಿಲನ್ನೋ ಡಿಕ್ಕಿಯನ್ನೋ ತೆರೆದರೆ ಕಾರು ಎಚ್ಚರಗೊಂಡು ಹತ್ತಾರು ಆಂಪಿಯರ್ ಎಳೆಯುತ್ತದೆ, ಮೀಟರ್ ತಪ್ಪು ತೋರಿಸುತ್ತದೆ. ಬಾನೆಟ್ ಕೆಳಗಿನ ಬಿಂದುಗಳಿಗೆ ಮೊದಲೇ ತಂತಿ ಕಟ್ಟಿ ಹೊರಗೆ ಎಳೆದುಕೊಂಡಿದ್ದರೆ ಕಾರನ್ನು ಎಬ್ಬಿಸದೆಯೇ ಅಳೆಯಬಹುದು.

ದ್ರವ ತುಂಬಿದ ಸಾಮಾನ್ಯ ಬ್ಯಾಟರಿ 12.6ರಿಂದ 12.7 ತೋರಿಸಿದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕೆ ಬಂದರೆ ಕಾಲುಭಾಗ. ಎಜಿಎಂ ಬ್ಯಾಟರಿಯಲ್ಲಿ ಈ ಸಂಖ್ಯೆಗಳೆಲ್ಲ ಒಂದೆರಡು ಹತ್ತನೇ ಭಾಗ ಮೇಲೆ. ಪೂರ್ತಿ ತುಂಬಿದ ಒಳ್ಳೆಯ ಎಜಿಎಂ 12.8ಕ್ಕಿಂತ ಕೆಳಗೆ ನಿಲ್ಲಬಾರದು. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿಗೆ ಬಂದು ನಿಂತರೆ ಆರು ಸೆಲ್‌ಗಳಲ್ಲಿ ಒಂದು ಹೋಗಿದೆ. ಅಲ್ಲಿಗೆ ಪರೀಕ್ಷೆ ಮುಗಿಯಿತು, ಬದಲಿಸಿ.

ಪೋರ್ಷೆ 2010ರ ಆರಂಭದಲ್ಲಿ ಕೆಲವು ಮಾದರಿಗಳಿಗೆ ಐಚ್ಛಿಕವಾಗಿ ಕೊಡಲಾರಂಭಿಸಿದಂಥ ಲಿಥಿಯಂ ಐರನ್ ಫಾಸ್ಫೇಟ್ ಸ್ಟಾರ್ಟರ್ ಬ್ಯಾಟರಿ ನಿಮ್ಮ ಕಾರಿನಲ್ಲಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಅದು 13.2ರ ಸುತ್ತಮುತ್ತ ನಿಂತು, ಬಹುಪಾಲು ಖಾಲಿಯಾಗುವವರೆಗೂ ಹೆಚ್ಚು ಕದಲುವುದಿಲ್ಲ. ಪೂರ್ತಿ ಇಳಿದಾಗ ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದು ಮೀಟರ್ ಸೊನ್ನೆ ತೋರಿಸಬಹುದು. ಸೊನ್ನೆ ಎಂದರೆ ಸತ್ತಿದೆ ಎಂದೇನೂ ಅಲ್ಲ. ಅದಕ್ಕೆ ಅದರದೇ ಚಾರ್ಜರ್ ಬೇಕು, ಸಲ್ಫೇಟ್ ಬಿಡಿಸುವ ಮೋಡ್ ಇರುವ ಚಾರ್ಜರ್ ಸಲ್ಲದು.

ಈಗ ಇಡೀ ಪರೀಕ್ಷೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವ ಹಂತ. ಪೂರ್ತಿ ತುಂಬಿದ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ ಒಂದು ದಿನ ಪೂರ್ತಿ ಬಿಡಿ. (ಡಿಕ್ಕಿಯ ಬೀಗ ವಿದ್ಯುತ್ತಿನದಾಗಿದ್ದರೆ ಡಿಕ್ಕಿ ಮುಚ್ಚಿಕೊಳ್ಳದಂತೆ ಏನಾದರೂ ಅಡ್ಡ ಇಡಿ. ಬ್ಯಾಟರಿ ಒಳಗೆ, ನೀವು ಹೊರಗೆ ಎಂಬ ಸ್ಥಿತಿ ಬೇಡ.) ಏನೂ ಜೋಡಿಸದಿದ್ದರೂ ವೋಲ್ಟೇಜ್ ಇಳಿದಿದ್ದರೆ ದೋಷ ಬ್ಯಾಟರಿಯೊಳಗೇ ಇದೆ. ಬಿಚ್ಚಿಟ್ಟಾಗ ಕದಲದೆ ನಿಂತು, ಕಾರಿಗೆ ಜೋಡಿಸಿದ ಮರುದಿನ ಇಳಿದಿದ್ದರೆ ದೋಷ ಕಾರಿನಲ್ಲಿದೆ. ಈ ಒಂದು ಅಳತೆ ಮುಂದಿನ ದಾರಿಯನ್ನು ಎರಡಾಗಿ ಸೀಳುತ್ತದೆ.

ಸೆಲ್ಫ್ ಹೊಡೆಯುವಾಗ

ಮೀಟರಿನಲ್ಲಿ ಕನಿಷ್ಠ ಮೌಲ್ಯ ಹಿಡಿದಿಡುವ ಸೌಲಭ್ಯ ಹಾಕಿಕೊಂಡು ಎಂಜಿನ್ ಚಾಲೂ ಮಾಡಿ. ಸಾಮಾನ್ಯ ಹವೆಯಲ್ಲಿ ಸೆಲ್ಫ್ ಓಡುತ್ತಿರುವಷ್ಟೂ ವೋಲ್ಟೇಜ್ 9.6ಕ್ಕಿಂತ ಮೇಲಿರಬೇಕು. ಮೊದಲ ಕ್ಷಣಾರ್ಧದಲ್ಲಿ ಅದಕ್ಕಿಂತ ಕೆಳಗೆ ಜಿಗಿದು ಮೇಲೆ ಬರಬಹುದು, ಅದಕ್ಕೆ ಹೆದರಬೇಕಿಲ್ಲ.

ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಇನ್ನೊಂದು ಅಳತೆ ಕಡ್ಡಾಯ. ಬ್ಯಾಟರಿಯ ಮೇಲೆ ಹನ್ನೊಂದು ವೋಲ್ಟ್ ಇದ್ದು, ಅದೇ ಹೊತ್ತಿನಲ್ಲಿ ಬಾನೆಟ್ ಕೆಳಗಿನ ಬಿಂದುಗಳಲ್ಲಿ ಒಂಬತ್ತೂವರೆ ಮಾತ್ರ ಕಂಡರೆ ಬ್ಯಾಟರಿಯದು ತಪ್ಪಲ್ಲ. ಕಾರಿನ ಉದ್ದಕ್ಕೂ ಹಾಯುವ ದಪ್ಪ ಕೇಬಲ್, ಅದರ ಜೋಡಣೆಗಳು ಅಥವಾ ಎಂಜಿನ್ನಿನ ಅರ್ಥ್ ಪಟ್ಟಿ ನಡುವೆ ಒಂದೂವರೆ ವೋಲ್ಟ್ ನುಂಗಿದೆ. ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕ್‌ವರೆಗೆ ಸೆಲ್ಫ್ ಹೊಡೆಯುವಾಗ ಅಳೆದರೆ ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕು, ಒಳ್ಳೆಯ ಸ್ಥಿತಿಯಲ್ಲಿ 0.2ರ ಸುತ್ತಮುತ್ತ. ಹಸಿರು ಕಟ್ಟಿದ ಅರ್ಥ್ ಪಟ್ಟಿಯೊಂದನ್ನು ಉಜ್ಜಿ ಬಿಗಿ ಮಾಡಿದ್ದಕ್ಕೆ "ಸತ್ತ" ಬ್ಯಾಟರಿ ಎದ್ದು ಕೂತರೆ ಆಶ್ಚರ್ಯವಿಲ್ಲ.

ಬಿಎಂಡಬ್ಲ್ಯು ಕಾರುಗಳ ಪಾಸಿಟಿವ್ ಟರ್ಮಿನಲ್ ಬಗ್ಗೆ ಒಂದು ಮಾತು. ಅಪಘಾತವಾದಾಗ ಸ್ಟಾರ್ಟರ್ ಕೇಬಲನ್ನು ಕತ್ತರಿಸಲು ಅದರಲ್ಲಿ ಸಣ್ಣ ಸಿಡಿಮದ್ದಿನ ಸಾಧನವಿರುತ್ತದೆ. ಅದು ಒಮ್ಮೆ ಸಿಡಿದಿದ್ದರೆ ಲೈಟು, ಪರದೆ ಎಲ್ಲ ಬರುತ್ತವೆ, ಸೆಲ್ಫ್ ಮಾತ್ರ ಮಿಸುಕುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಾಗಿದ್ದರೆ ಇದನ್ನು ನೋಡುವುದು ಒಳ್ಳೆಯದು.

ಟೆಸ್ಟರ್ ಹೇಳಿದ್ದನ್ನು ಎಷ್ಟು ನಂಬಬೇಕು

ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಟೆಸ್ಟರ್ ಕ್ಷಣದಲ್ಲಿ ಕಾಗದ ಮುದ್ರಿಸಿ ಕೊಡುತ್ತದೆ, ಅದರಲ್ಲಿ "ಬದಲಿಸಿ" ಎಂದಿರುತ್ತದೆ. ಅದನ್ನು ಓದುವ ಮುನ್ನ ಎರಡು ಪ್ರಶ್ನೆ ಕೇಳಿ. ಪರೀಕ್ಷಿಸಿದಾಗ ಬ್ಯಾಟರಿ ತುಂಬಿತ್ತೇ? ಟೆಸ್ಟರಿಗೆ ಸರಿಯಾದ ಮಾನದಂಡ ಹೇಳಿದ್ದಿರಾ?

ಶೀತದಲ್ಲಿ ಸೆಲ್ಫ್ ಹೊಡೆಯುವ ಶಕ್ತಿಯನ್ನು ಸಿಸಿಎ ಎಂದು ಬ್ಯಾಟರಿಯ ಮೇಲೆ ಬರೆದಿರುತ್ತಾರೆ. ಈ ಅಳತೆಯನ್ನು ಮೈನಸ್ 18 ಡಿಗ್ರಿಯಲ್ಲಿ ಮಾಡುತ್ತಾರೆ, ಆದರೆ ಅಮೆರಿಕದ ಎಸ್‌ಎಇ, ಯುರೋಪಿನ ಇಎನ್, ಜರ್ಮನಿಯ ಡಿಐಎನ್ ಎಂಬ ಮಾನದಂಡಗಳ ನಿಯಮಗಳು ಬೇರೆಬೇರೆ. ಇಎನ್ ಪ್ರಕಾರ 850 ಆಂಪಿಯರ್ ಇರುವ ಬ್ಯಾಟರಿ ಡಿಐಎನ್ ಪ್ರಕಾರ ಸುಮಾರು 500 ಮಾತ್ರ. ಇಎನ್ ಬ್ಯಾಟರಿಯ ಸಂಖ್ಯೆಯನ್ನು ಟೆಸ್ಟರಿನಲ್ಲಿ ಡಿಐಎನ್ ಎಂದು ಕೊಟ್ಟರೆ ಹೊಸ ಬ್ಯಾಟರಿಯೂ ಅನುತ್ತೀರ್ಣ. ಎಜಿಎಂ ಬದಲಿಗೆ ಸಾಮಾನ್ಯ ಬ್ಯಾಟರಿ ಎಂದು ಆರಿಸಿದರೂ ಫಲಿತಾಂಶ ಹಾದಿ ತಪ್ಪುತ್ತದೆ.

ಸರಿಯಾಗಿ ಪರೀಕ್ಷಿಸಿದಾಗ ಬರೆದಿರುವ ಸಿಸಿಎಯ ಶೇಕಡ 80ಕ್ಕಿಂತ ಹೆಚ್ಚು ಬಂದರೆ ನಾನು ಬ್ಯಾಟರಿಯನ್ನು ಮುಟ್ಟುವುದಿಲ್ಲ. 70ಕ್ಕಿಂತ ಕೆಳಗಿದ್ದರೆ ಬದಲಿಸುತ್ತೇನೆ. ನಡುವೆ ಇದ್ದರೆ ಮುಂದಿನ ಪರೀಕ್ಷೆ ಬೇಕು, ಏಕೆಂದರೆ ಐಷಾರಾಮಿ ಕಾರಿನ ಬ್ಯಾಟರಿ ಸೋಲುವ ರೀತಿಯನ್ನು ಈ ಟೆಸ್ಟರ್ ಹಿಡಿಯುವುದೇ ಇಲ್ಲ.

ಕಾರಣ ಇಷ್ಟೇ. ಸೆಲ್ಫ್‌ಗೆ ಬೇಕಾದದ್ದು ರಭಸ, ಸಂಗ್ರಹವಲ್ಲ. 300 ಆಂಪಿಯರ್‌ನಂತೆ ಎರಡು ಸೆಕೆಂಡ್ ಎಳೆದರೂ ಖರ್ಚಾಗುವುದು 0.17 ಆಂಪಿಯರ್-ಅವರ್ (ಒಂದು ಆಂಪಿಯರ್‌ನಂತೆ ಒಂದು ಗಂಟೆ ಎಳೆದರೆ ಒಂದು ಆಂಪಿಯರ್-ಅವರ್). 90 ಆಂಪಿಯರ್-ಅವರ್‌ನ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಬೀಗ ಹಾಕಿದ ಮೇಲೂ ಎಚ್ಚರವಿರುವ ಕೀಲಿರಹಿತ ಪ್ರವೇಶ, ಅಲಾರ್ಮ್, ಮೊಬೈಲ್ ಸಂಪರ್ಕ, ಎಂಜಿನ್ ಆಫ್ ಆದ ಮೇಲೂ ಓಡುವ ಫ್ಯಾನ್ ಮತ್ತು ಪಂಪ್‌ಗಳಿಗೆ ಬೇಕಾದದ್ದು ಸಂಗ್ರಹ. ವಯಸ್ಸಾದ ಎಜಿಎಂ ಬ್ಯಾಟರಿಯ ರಭಸ ಉಳಿದಿದ್ದು ಸಂಗ್ರಹ ಅರ್ಧಕ್ಕೆ ಇಳಿದಿರಬಹುದು. ನಲ್ಲಿಯ ರಭಸ ನೋಡಿ ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ಹೇಳಲಾಗದು.

ಸಂಗ್ರಹವನ್ನು ಅಳೆಯಲು ಬ್ಯಾಟರಿಯನ್ನು ಕಾರಿನಿಂದ ಬೇರ್ಪಡಿಸಿ, ಪೂರ್ತಿ ತುಂಬಿಸಿ, 55 ವ್ಯಾಟ್‌ನ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ನೇರ ಜೋಡಿಸಿ. ಅದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ನಾಲ್ಕೂವರೆ ಗಂಟೆಗೆ ಹತ್ತಿರಹತ್ತಿರ 20 ಆಂಪಿಯರ್-ಅವರ್. ಆಮೇಲೆ ಬಲ್ಬ್ ತೆಗೆದು ಒಂದೆರಡು ಗಂಟೆ ಬಿಟ್ಟು ಅಳೆಯಿರಿ. 90 ಆಂಪಿಯರ್-ಅವರ್‌ನ ಆರೋಗ್ಯವಂತ ಎಜಿಎಂ 12.5ರ ಆಸುಪಾಸಿನಲ್ಲಿರಬೇಕು. 12.2ಕ್ಕೋ ಅದಕ್ಕಿಂತ ಕೆಳಗೋ ಬಂದಿದ್ದರೆ ಅದರ ಸಾಮರ್ಥ್ಯ ಬರೆದಿರುವುದರ ಅರ್ಧವೂ ಉಳಿದಿಲ್ಲ. ಬಲ್ಬ್ ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಮತ್ತು ಬಟ್ಟೆಯಿಂದ ದೂರವಿಡಿ. ಪರೀಕ್ಷೆ ಮುಗಿದ ಕೂಡಲೇ ಬ್ಯಾಟರಿಯನ್ನು ಮತ್ತೆ ತುಂಬಿಸಿ.

ಚಾರ್ಜಿಂಗ್ ಸರಿಯಿದೆಯೇ

ಎಂಜಿನ್ ಓಡುವಾಗ 14 ವೋಲ್ಟ್ ಇರಬೇಕು ಎಂಬ ಹಳೆಯ ಸೂತ್ರ ಈ ಕಾರುಗಳಿಗೆ ಪೂರ್ತಿ ಒಪ್ಪುವುದಿಲ್ಲ. ವೇಗ ಹೆಚ್ಚಿಸುವಾಗ ಎಂಜಿನ್ನಿನಿಂದ ತಿರುಗಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಹೊರೆ ಇಳಿಸಿ, ಬ್ರೇಕ್ ಹಾಕುವಾಗ ಏರಿಸುವ ವ್ಯವಸ್ಥೆ ಇರುವಲ್ಲಿ 12 ಚಿಲ್ಲರೆಯಿಂದ 15ರ ಹತ್ತಿರದವರೆಗೆ ಏನು ಬೇಕಾದರೂ ಕಾಣಬಹುದು. ಹೆಡ್‌ಲೈಟು, ಹಿಂಬದಿ ಗಾಜಿನ ಹೀಟರ್, ಫ್ಯಾನ್ ಎಲ್ಲ ಹಾಕಿದಾಗ ವೋಲ್ಟೇಜ್ ಮೇಲೇರಿ 14ರ ಆಸುಪಾಸಿನಲ್ಲಿ ನಿಲ್ಲುತ್ತದೆಯೇ ಎಂದು ನೋಡಿದರೆ ಸಾಕು. ಜೊತೆಗೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಒಮ್ಮೆ ಬ್ಯಾಟರಿಗೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರಿನ ಡಯೋಡ್ ಕೆಟ್ಟಿದೆ. ಕೆಟ್ಟ ಡಯೋಡ್ ಹಗಲು ಕಡಿಮೆ ತುಂಬಿಸಿ ರಾತ್ರಿ ತಾನೇ ಕರೆಂಟ್ ಸೋರಿಸುತ್ತದೆ, ಬೈಗುಳ ಮಾತ್ರ ಬ್ಯಾಟರಿಗೆ.

ರಾತ್ರಿ ಕರೆಂಟ್ ಎಲ್ಲಿಗೆ ಹೋಗುತ್ತದೆ

ನೆಗೆಟಿವ್ ಬಿಚ್ಚಿಟ್ಟಾಗ ಬ್ಯಾಟರಿ ನಿಂತಿತ್ತು, ಜೋಡಿಸಿದಾಗ ಇಳಿಯಿತು ಎಂದಾದರೆ ಇಲ್ಲಿ ಸಮಯ ಕೊಡಬೇಕು. ನಿದ್ರೆಗೆ ಜಾರಿದ ಕಾರು 50 ಮಿಲಿಆಂಪಿಯರ್‌ಗಿಂತ ಕಡಿಮೆ ಎಳೆಯಬೇಕು. 40 ಮಿಲಿಆಂಪಿಯರ್ ಎಂದರೆ ದಿನಕ್ಕೆ ಸುಮಾರು 1 ಆಂಪಿಯರ್-ಅವರ್. ತಿಂಗಳು ನಿಲ್ಲಿಸಿದರೂ 90ರ ಬ್ಯಾಟರಿಯ ಮೂರನೇ ಒಂದು ಭಾಗ ಮಾತ್ರ ಖಾಲಿ. 400 ಮಿಲಿಆಂಪಿಯರ್ ಸೋರಿದರೆ ಐದು ದಿನದೊಳಗೆ ಅರ್ಧ. 2 ಆಂಪಿಯರ್ ಸೋರಿದರೆ ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು. ಎಂಥ ಹೊಸ ಬ್ಯಾಟರಿಯೂ ಇದನ್ನು ತಡೆಯದು.

ಮೀಟರನ್ನು ಸರಣಿಯಲ್ಲಿ ಜೋಡಿಸಲು ಕೇಬಲ್ ಬಿಚ್ಚಿದರೆ ಎಲ್ಲ ಕಂಟ್ರೋಲ್ ಯೂನಿಟ್‌ಗಳೂ ಮರುಹುಟ್ಟು ಪಡೆದು, ಅಲ್ಲಿಯವರೆಗೆ ಎಚ್ಚರವಾಗಿಯೇ ಇದ್ದ ತಪ್ಪಿತಸ್ಥ ಯೂನಿಟ್ ಒಳ್ಳೆಯವನಂತೆ ಮಲಗಿಬಿಡುವ ಸಾಧ್ಯತೆ ಇದೆ. ಆದ್ದರಿಂದಲೇ ಕ್ಲಾಂಪ್ ಮೀಟರ್. ನೆಗೆಟಿವ್ ಕೇಬಲ್ ಸುತ್ತ ಅದನ್ನು ಹಿಡಿದು, ಡಿಕ್ಕಿ ಅಥವಾ ಬಾನೆಟ್ಟಿನ ಲಾಕ್ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ, ಕಾರಿಗೆ ಬೀಗ ಹಾಕಿ, ಕೀಯನ್ನು ಸಾಕಷ್ಟು ದೂರ ಒಯ್ಯಿರಿ. ಈ ಕಾರುಗಳು ಮಲಗಲು ಅವಸರ ಪಡುವುದಿಲ್ಲ. ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಕಾಯಿರಿ. (ಮುಗಿದ ಮೇಲೆ ಕೊಕ್ಕೆಯನ್ನು ತೆರೆದು ಹಿಂದಿನ ಸ್ಥಿತಿಗೆ ತರದೆ ಡಿಕ್ಕಿ ಬಡಿದರೆ ಬೀಗ ಜಖಂ.)

ಕರೆಂಟ್ ಇಳಿಯದಿದ್ದರೆ ಫ್ಯೂಸ್ ಕೀಳಬೇಡಿ, ಕಿತ್ತರೂ ತಿರುಗಿ ಹಾಕಿದರೂ ಕಾರು ಎಚ್ಚರಗೊಳ್ಳುತ್ತದೆ. ಪ್ರತಿ ಫ್ಯೂಸಿನ ತಲೆಯ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಎಂದರೆ ಆ ದಾರಿಯಲ್ಲಿ ಕರೆಂಟ್ ಹರಿಯುತ್ತಿಲ್ಲ. ಒಂದರಲ್ಲಿ ಸಣ್ಣ ಸಂಖ್ಯೆ ಕಂಡರೆ ಆ ಫ್ಯೂಸು ಯಾವುದಕ್ಕೆ ಸೇರಿದ್ದು ಎಂದು ನೋಡಿಕೊಂಡು ಅದರ ಬೆನ್ನು ಹತ್ತಿ. ಅನುಮಾನಿಸಬೇಕಾದವು ಕೆಲವಿವೆ: ತಾನಾಗಿ ಸೆಳೆದು ಮುಚ್ಚಿಕೊಳ್ಳುವ ಬಾಗಿಲುಗಳ ಲಾಕ್ ಸ್ವಿಚ್, ಪೂರ್ತಿ ಆಫ್ ಆಗದ ಆಡಿಯೋ ಆಂಪ್ಲಿಫೈಯರ್, ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್ ಮತ್ತು ಟ್ರ್ಯಾಕರ್‌ಗಳು. ಹೊರಗಿನ ಉಪಕರಣಗಳನ್ನು ಮೊದಲು ಬಿಚ್ಚಿ ನೋಡಿ, ಕೆಲಸ ಅಲ್ಲೇ ಮುಗಿಯುವುದು ಹೆಚ್ಚು.

ಏರ್ ಸಸ್ಪೆನ್ಷನ್ ಇರುವ ಕಾರು ಒಂದು ಮೂಲೆಯಲ್ಲಿ ಕುಸಿಯುತ್ತಿದ್ದರೆ ಅದನ್ನೂ ಬ್ಯಾಟರಿಯ ಲೆಕ್ಕಕ್ಕೆ ಸೇರಿಸಿ. ಗಾಳಿ ಸೋರುವಾಗ ಕಂಪ್ರೆಸರ್ ಮತ್ತೆಮತ್ತೆ ಓಡುತ್ತದೆ, ಅದು ಬಹಳ ಕರೆಂಟ್ ತಿನ್ನುವ ಯಂತ್ರ. ಕೀಯನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ತೂಗುಹಾಕುವ ಅಭ್ಯಾಸವೂ ಅಂಥದ್ದೇ. ಕೆಲವು ಕಾರುಗಳು ಹತ್ತಿರದ ಕೀಯನ್ನು ಗುರುತಿಸಿ ಮಲಗುವುದನ್ನೇ ಬಿಡುತ್ತವೆ.

ಏನೂ ಸೋರುತ್ತಿಲ್ಲ, ಬ್ಯಾಟರಿಯೂ ಪರೀಕ್ಷೆಯಲ್ಲಿ ಗೆದ್ದಿತು, ಎಚ್ಚರಿಕೆ ಮಾತ್ರ ಬರುತ್ತಲೇ ಇದೆ ಎಂದರೆ ಕಾರಿನ ಬಳಕೆಯನ್ನು ನೋಡಿ. ಹತ್ತು ನಿಮಿಷದ ಓಡಾಟ, ಎಂಜಿನ್ ಆಫ್ ಮಾಡಿ ಒಳಗೆ ಕೂತು ಫೋನಿನಲ್ಲಿ ಮಾತು, ವಾರಗಟ್ಟಲೆ ನಿಲುಗಡೆ. ಇದಕ್ಕೆ ಔಷಧ ಹೊಸ ಬ್ಯಾಟರಿಯಲ್ಲ, ನಿಂತಾಗ ಜೋಡಿಸಿಡುವ ಮೇಂಟೇನರ್ ಚಾರ್ಜರ್. ಅರ್ಧ ತುಂಬಿದ ಸ್ಥಿತಿಯಲ್ಲಿ ಬಹಳ ಕಾಲ ಬಿಟ್ಟ ಸೀಸದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ನಿಜವಾಗಿಯೂ ಕೆಡುವ ದಾರಿಯೂ ಇದೇ.

ಬದಲಿಸಿ ಎನ್ನುವುದು ಯಾವಾಗ

ಒಂದು ಸೆಲ್ ಹೋದದ್ದು, ಬಿಚ್ಚಿಟ್ಟರೂ ಇಳಿಯುವುದು, ಸಂಗ್ರಹ ಅರ್ಧಕ್ಕಿಂತ ಕಡಿಮೆಯಾದದ್ದು, ಹೊಟ್ಟೆ ಉಬ್ಬಿದ್ದು, ಸೋರಿದ್ದು, ಚಾರ್ಜ್ ಮಾಡುವಾಗ ಕೊಳೆತ ಮೊಟ್ಟೆಯ ವಾಸನೆ ಬಂದದ್ದು: ಇವಕ್ಕೆ ಎರಡನೇ ಮಾತಿಲ್ಲ. ಉಬ್ಬಿದ ಅಥವಾ ವಾಸನೆ ಬಂದ ಬ್ಯಾಟರಿಗೆ ಮತ್ತೆ ಚಾರ್ಜರ್ ಹಾಕಬೇಡಿ.

ವಯಸ್ಸೊಂದನ್ನೇ ಕಾರಣ ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ಬಾನೆಟ್ಟಿನ ಬಿಸಿಯಲ್ಲಿ ಬೇಯುವ ಬ್ಯಾಟರಿ ಬೇಗ ಹೋಗುತ್ತದೆ, ಡಿಕ್ಕಿಯಲ್ಲೋ ಸೀಟಿನ ಕೆಳಗೋ ತಂಪಾಗಿರುವುದು ಹೆಚ್ಚು ಬಾಳುತ್ತದೆ. ಒಂದೇ ಸಂಖ್ಯೆ ಎರಡಕ್ಕೂ ಹೊಂದದು. ಒಳ್ಳೆಯ ಎಜಿಎಂ ಐದು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಮೇಲಿನ ಪರೀಕ್ಷೆ ಮಾಡಿ, ಅಷ್ಟು ಸಾಕು. ಇದಕ್ಕೆ ಅಪವಾದವೂ ಒಂದುಂಟು. ಪೂರ್ತಿ ಖಾಲಿಯಾಗಿ ದಿನಗಟ್ಟಲೆ ಹಾಗೇ ಬಿದ್ದಿದ್ದ ಬ್ಯಾಟರಿ ಚಾರ್ಜ್ ಆದ ಮೇಲೆ ಪರೀಕ್ಷೆಯಲ್ಲಿ ಅಂಚಿನಲ್ಲಿ ಪಾಸಾದರೂ, ದೂರ ಪ್ರಯಾಣದ ಕಾರಾಗಿದ್ದರೆ ನಾನು ಅದನ್ನು ಉಳಿಸಿಕೊಳ್ಳುವುದಿಲ್ಲ.

ಎರಡು ಬ್ಯಾಟರಿಗಳಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕೇ? ಸದಾ ಸಮಾನಾಂತರವಾಗಿ ಜೋಡಿಸಿದ್ದರೆ ಹೌದು, ಹಳೆಯದು ಹೊಸದನ್ನು ತನ್ನ ಮಟ್ಟಕ್ಕೆ ಎಳೆಯುತ್ತದೆ. ಬೇರೆಬೇರೆ ಸರ್ಕ್ಯೂಟಿನಲ್ಲಿದ್ದು ಒಂದು ಪರೀಕ್ಷೆಯಲ್ಲಿ ಗೆದ್ದಿದ್ದರೆ ಅದನ್ನು ಇರಲು ಬಿಡಿ.

ಹಾಕುವಾಗ

ಎಜಿಎಂ ಇದ್ದ ಜಾಗಕ್ಕೆ ಎಜಿಎಂ ಮಾತ್ರ. ಅಳತೆ, ಸಾಮರ್ಥ್ಯ, ಟರ್ಮಿನಲ್‌ಗಳ ದಿಕ್ಕು ಮೊದಲಿನಂತೆಯೇ ಇರಲಿ. ಡಿಕ್ಕಿಯಲ್ಲಿ ಅಥವಾ ಕ್ಯಾಬಿನ್ನಿನಲ್ಲಿ ಕೂರುವ ಬ್ಯಾಟರಿಗೆ ಹೈಡ್ರೋಜನ್ ಹೊರಹೋಗುವ ಸಣ್ಣ ಕೊಳವೆಯೊಂದಿರುತ್ತದೆ. ಅದನ್ನು ಹೊಸ ಬ್ಯಾಟರಿಗೆ ಮತ್ತೆ ಜೋಡಿಸಿ, ಇನ್ನೊಂದು ಬದಿಯ ರಂಧ್ರಕ್ಕೆ ಬಿರಡೆ ಹಾಕಿ. ಅವಸರದ ಕೆಲಸದಲ್ಲಿ ಈ ಕೊಳವೆ ನೇತಾಡುತ್ತಲೇ ಉಳಿಯುತ್ತದೆ. 95 ಆಂಪಿಯರ್-ಅವರ್‌ನ ಎಜಿಎಂ ಬ್ಯಾಟರಿ 26 ಕಿಲೋ ಆಸುಪಾಸು ತೂಗುತ್ತದೆ. ಡಿಕ್ಕಿಯ ಆಳದಿಂದ ಬಗ್ಗಿ ಎತ್ತುವಾಗ ಇನ್ನೊಬ್ಬರ ಕೈ ಇರಲಿ.

ಬಾಗಿಲಿಗೆ ಚೌಕಟ್ಟಿಲ್ಲದ ಕೂಪೆ ಮತ್ತು ಕನ್ವರ್ಟಿಬಲ್‌ಗಳಲ್ಲಿ ಬಾಗಿಲು ತೆರೆದಾಗ ಗಾಜು ತುಸು ಕೆಳಗಿಳಿಯುತ್ತದೆ. ವಿದ್ಯುತ್ ಇಲ್ಲದಿದ್ದರೆ ಇಳಿಯದು, ಬಾಗಿಲನ್ನು ಬಲವಂತವಾಗಿ ಮುಚ್ಚಿದರೆ ಗಾಜಿಗೋ ರಬ್ಬರಿಗೋ ಪೆಟ್ಟು. ಗಾಜುಗಳನ್ನು ಮೊದಲೇ ಇಳಿಸಿಟ್ಟು ಬ್ಯಾಟರಿ ಬಿಚ್ಚಿ. ಇಗ್ನಿಷನ್ ಆಫ್ ಮಾಡಿ ಕಾರು ಮಲಗುವವರೆಗೆ ಕಾದು, ಮೊದಲು ನೆಗೆಟಿವ್ ಬಿಚ್ಚಿ, ಹಾಕುವಾಗ ಕೊನೆಗೆ ನೆಗೆಟಿವ್ ಹಾಕಿ. ಸೆನ್ಸರ್ ಇರುವ ಟರ್ಮಿನಲನ್ನು ಸುತ್ತಿಗೆಯಿಂದ ತಟ್ಟಬೇಡಿ, ಅಡಿಯಿಂದ ಸ್ಕ್ರೂಡ್ರೈವರ್ ಹಾಕಿ ಮೀಟಲೂ ಬೇಡಿ.

ಕೊನೆಗೆ ನೋಂದಣಿ. ಬಿಎಂಡಬ್ಲ್ಯುವಿನಲ್ಲಿ ಹೊಸ ಬ್ಯಾಟರಿ ಬಂದಿದೆ ಎಂದು ಡಯಾಗ್ನೋಸ್ಟಿಕ್ ಉಪಕರಣದಿಂದ ತಿಳಿಸಬೇಕು, ಬಗೆ ಅಥವಾ ಸಾಮರ್ಥ್ಯ ಬದಲಾಗಿದ್ದರೆ ಕೋಡಿಂಗ್ ಕೂಡ ಬೇಕು. ಆಡಿ ಮತ್ತು ಅದೇ ಸಮೂಹದ ಹಲವು ಕಾರುಗಳಲ್ಲಿ ಸಾಮರ್ಥ್ಯ, ತಯಾರಕ, ಸರಣಿ ಸಂಖ್ಯೆಗಳನ್ನು ದಾಖಲಿಸಬೇಕು. ಮಾಡದಿದ್ದರೆ ಕಾರು ಹಳೆಯ ಬ್ಯಾಟರಿಯ ಇತಿಹಾಸವನ್ನೇ ಹಿಡಿದು ಹೊಸದನ್ನು ಚಾರ್ಜ್ ಮಾಡುತ್ತದೆ, ಸ್ಟಾರ್ಟ್-ಸ್ಟಾಪ್ ತಡೆಹಿಡಿಯುತ್ತದೆ, ಎಚ್ಚರಿಕೆಯನ್ನೂ ಉಳಿಸಿಕೊಳ್ಳುತ್ತದೆ. ವರ್ಕ್‌ಶಾಪ್‌ನಲ್ಲಿ ಮಾಡಿಸಿದ್ದಾದರೆ ಈ ಕೆಲಸ ಬಿಲ್ಲಿನಲ್ಲಿ ಬರೆದಿದೆಯೇ ನೋಡಿ, ಬರೆಯದಿದ್ದರೆ ಕೇಳಿ.

ಆಮೇಲೆ ಕಿಟಕಿಗಳನ್ನು ಒಮ್ಮೆ ಪೂರ್ತಿ ಏರಿಸಿ ಇಳಿಸಿ ಅವುಗಳ ಮಿತಿಯನ್ನು ಕಲಿಸಿ. ಸ್ಟೀರಿಂಗ್ ಕೋನದ ಎಚ್ಚರಿಕೆ ಬಂದಿದ್ದರೆ ಎಡಬಲಕ್ಕೆ ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿ. ಹೊಸ ಬ್ಯಾಟರಿ ಅಂಗಡಿಯಲ್ಲಿ ಎಷ್ಟು ಕಾಲ ಕೂತಿತ್ತೋ ತಿಳಿಯದು, ಒಮ್ಮೆ ಪೂರ್ತಿ ಚಾರ್ಜ್ ಮಾಡಿ. ಮರುದಿನ ಬೆಳಗ್ಗೆ ಕಾರನ್ನು ಎಬ್ಬಿಸದೆ ಅಳೆದ ವೋಲ್ಟೇಜನ್ನು ದಿನಾಂಕದೊಂದಿಗೆ ಬರೆದಿಡಿ, ವಾರ ಬಿಟ್ಟು ಅದೇ ರೀತಿ ಮತ್ತೆ ಅಳೆಯಿರಿ. ಎರಡರ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ಅಂತರ ಕಂಡರೆ ಕ್ಲಾಂಪ್ ಮೀಟರ್ ಹಿಡಿದು ಸೋರಿಕೆಯ ಹುಡುಕಾಟಕ್ಕೆ ಮರಳಿ.